ಟವೆಲ್ಲಿನಡಿ ಆಯಸ್ಸು

ಹೆಲ್ತ್ ಅಸಿಸ್ಟೆಂಟ್ ನರಸಿಂಹಪ್ಪನಿಗೆ ಮಾಲೂರಿಗೆ ವರ್ಗ ಬೇಕಾಗಿತ್ತು. ಹೆಂಡತಿ ಅಲ್ಲಿ, ಮಗು ಅಲ್ಲಿ, ರುಚಿಯಾದ ಊಟವೂ ಅಲ್ಲೇ. ಇವನೊಬ್ಬ ಮಾತ್ರ ನಂಗಲಿ ಕಡೆ ನಾಲ್ಕು ವರ್ಷದಿಂದ ಅರೆಬೆಂದ ಮುದ್ದೆ ನುಂಗಿಕೊಂಡು ಬಿದ್ದಿದ್ದ. ಪಾಪ, ಸೊರಗಿ ಕಡ್ಡಿಯಾಗಿದ್ದ.

ಎಂಬತ್ಮೂರನೇ ಇಸವಿಯಲ್ಲಿ ಬೆಂಗಳೂರಿನಿಂದ ಸಂಶೋಧನೆಯ ಅನಸೂಯಮ್ಮ ಮೇಡಂ ಬಂದರು. ತಾಲ್ಲೂಕಿಗೆ ಮಂಜೂರಾಗಿದ್ದುದು ಒಂದೇ ಆರೋಗ್ಯ ಉಪಕೇಂದ್ರ. ಯಾವ ಹಳ್ಳಿಯ ನೋವು ದೊಡ್ಡದೋ ಆ ಹಳ್ಳಿಗೆ. ನೋವು ಅಳೆಯುವುದಕ್ಕೆ ಮೇಡಂ ಒಂದು ಪ್ರಶ್ನೆ ತಂದಿದ್ದರು: ಇನ್ನು ಹತ್ತು ವರ್ಷ ಆಯಸ್ಸಿದೆ ಅಂದುಕೊಳ್ಳಿ, ಕಾಯಿಲೆ ಪೂರಾ ವಾಸಿಯಾಗುವುದಾದರೆ ಅದರಲ್ಲಿ ಎಷ್ಟು ವರ್ಷ ಬಿಟ್ಟುಕೊಡುತ್ತೀರಿ? ಹೆಚ್ಚು ಬಿಟ್ಟವರಿಗೆ ಹೆಚ್ಚು ನೋವು ಎಂದು ಲೆಕ್ಕ.

"ಸಂಜೆಯೊಳಗೆ ಕೊತ್ತಪಲ್ಲಿಯ ಇಪ್ಪತ್ತು ಫಾರಂ ತುಂಬ್ಕೊಂಡು ಬಾರಯ್ಯ, ನಿನ್ನ ವರ್ಗಕ್ಕೆ ಸಹಿ ಹಾಕ್ತೀನಿ" ಎಂದರು ಅವನ ಮೇಲಧಿಕಾರಿ ಸಾಹೇಬರು. ನರಸಿಂಹಪ್ಪ ಸೈಕಲ್ ಹತ್ತಿದ.

ಮೊದಲ ಮನೆ ಮಂಡಿನೋವಿನ ದೊಡ್ಡಗಂಗಮ್ಮನದು. ಪ್ರಶ್ನೆ ಕೇಳಿದ್ದೇ ತಡ, ಮುದುಕಿ ಪೊರಕೆ ಎತ್ತಿದಳು.

"ಏಮಯ್ಯಾ, ಬೆಳ್‌ಬೆಳಿಗ್ಗೆ ನನ್ ಆಯಸ್ಸು ಕೇಳೋಕೆ ಬಂದ್ಯಾ? ಯಮನ ಆಫೀಸ್ನಲ್ಲಿ ಗುಮಾಸ್ತನಾ ನೀನು?"

ಗಲಾಟೆ ಕೇಳಿ ಎದುರುಮನೆಯ ದನದ ದಲ್ಲಾಳಿ ಕದಿರಪ್ಪ ಓಡಿಬಂದ. ವಿಷಯ ಕೇಳಿ ನಕ್ಕುಬಿಟ್ಟ.

"ಬೀದೀಲಿ ಕೂಗಿ ಯಾರಾದ್ರೂ ರೇಟ್ ಕೇಳ್ತಾರಾ ಸ್ವಾಮಿ? ವ್ಯಾಪಾರ ಅಂದ್ರೆ ಟವೆಲ್ ಅಡಿ ಆಗ್ಬೇಕು. ನಾನಿದೀನಿ, ಬಿಡಿ."

ಸಂತೆಯಲ್ಲಿ ಎತ್ತಿಗೆ ಬೆಲೆ ಕಟ್ಟುವ ಹಾಗೆಯೇ. ಟವೆಲ್ಲಿನಡಿ ದಲ್ಲಾಳಿಯ ಬೆರಳು ಹಿಡಿಯುವುದು, ಬೆರಳಿಗೊಂದು ವರ್ಷ. ಎಷ್ಟು ಹಿಡಿದರೆಂದು ಮೂರನೆಯವರಿಗೆ ತಿಳಿಯಬಾರದು. ದೊಡ್ಡಗಂಗಮ್ಮ ಬಹಳ ಹೊತ್ತು ಯೋಚಿಸಿ ಎರಡು ಬೆರಳು ಹಿಡಿದಳು. ಕದಿರಪ್ಪ ನರಸಿಂಹಪ್ಪನ ಕಿವಿಯಲ್ಲಿ ಉಸುರಿದ.

ಎಡವಟ್ಟಾಗಿದ್ದು ಅಲ್ಲೇ. ಪಕ್ಕದ ಮನೆಯ ಮುನಿಶಾಮಮ್ಮ ಸೊಂಟ ಹಿಡಿದುಕೊಂಡು ಬಂದಳು.

"ಅವಳೆಷ್ಟು ಕೊಟ್ಟಳು?"

"ಹೇಳೋ ಹಂಗಿಲ್ಲಮ್ಮ."

"ಓಹೋ! ನನ್ ಸೊಂಟ ಅವಳ ಮಂಡಿಗಿಂತ ಕಡಿಮೆನಾ? ಹಿಡಿ ನಾಲ್ಕು!"

ಆಮೇಲೆ ಬಂದವರೆಲ್ಲ ಹಿಂದಿನವರು ಎಷ್ಟು ಕೊಟ್ಟರೋ ಎಂಬ ಅನುಮಾನದಲ್ಲಿ ಒಂದೆರಡು ಹೆಚ್ಚೇ ಹಿಡಿದರು. ಕೆಮ್ಮಿನ ಸೊಣ್ಣಪ್ಪ ಒಂದು ಕೈ ಸಾಲದೆ ಎರಡೂ ಕೈ ತೂರಿಸಿದ. ಮುತ್ಯಾಲಮ್ಮ ಗಂಡನ ಗೊರಕೆ ನಿಲ್ಲುವುದಾದರೆ ಎಂಟು ವರ್ಷ ಬಿಡುತ್ತೇನೆಂದಳು. "ನಂದಲ್ಲ ಸ್ವಾಮಿ, ಅವರದ್ರಲ್ಲೇ ಮುರ್ಕೊಳ್ಳಿ" ಎಂದು ಸೇರಿಸಿದಳು. ಕದಿರಪ್ಪ ತಲೆಗೊಂದು ತಿಂಗಳು ಆಯಸ್ಸು ದಲಾಲಿ ಎಂದು ಗೊತ್ತುಮಾಡಿಕೊಂಡು, ಇನ್ನು ಇಪ್ಪತ್ತು ತಿಂಗಳು ತನಗೆ ಸಾವಿಲ್ಲವೆಂದು ಮೀಸೆ ತಿರುವಿದ.

ಇಪ್ಪತ್ತು ಫಾರಂ ಮುಗಿದವು. ಮಾಲೂರಿನ ಸಾರಿನ ವಾಸನೆ ಮೂಗಿಗೆ ಬಂದಂತಾಗಿ ನರಸಿಂಹಪ್ಪ ಸೈಕಲ್ ಹಿಡಿದ. ದೊಡ್ಡಗಂಗಮ್ಮ ಕ್ಯಾರಿಯರ್ ಹಿಡಿದಳು.

"ಆಯಸ್ಸು ತಗೊಂಡು ಎಲ್ಲಿಗ್ ಹೊರಟೆ? ನನ್ ಮಂಡಿ ವಾಸಿ ಮಾಡೋರ್ಯಾರು?"

"ಅಯ್ಯೋ, ಅದು ಬರೀ ಪ್ರಶ್ನೆ ಕಣಮ್ಮ!"

"ಬೆರಳು ಹಿಡಿದ ಮೇಲೆ ಪ್ರಶ್ನೆ ಎಲ್ಲಿಂದ ಬಂತು ಸ್ವಾಮಿ?" ಎಂದ ಕದಿರಪ್ಪ. "ಸಂತೇಲಿ ಹಿಂಗ್ ಮಾಡಿದ್ರೆ ಹೊಡೀತಾರೆ."

ಇಪ್ಪತ್ತು ಮಂಡಿ, ಸೊಂಟ, ಕೆಮ್ಮುಗಳು ಸುತ್ತುವರಿದವು. ಕೊನೆಗೆ ಸೈಕಲ್ಲನ್ನೇ ಒತ್ತೆಯಿಟ್ಟು, ನರಸಿಂಹಪ್ಪ ಬಿಸಿಲಲ್ಲಿ ನಂಗಲಿಗೆ ನಡೆದ. ಕಾಲು ಬೊಬ್ಬೆಯೆದ್ದರೂ ಮನಸ್ಸು ಹಗುರಾಗಿತ್ತು. ಇನ್ನು ಈ ಊರಿನ ಮುಖ ನೋಡುವವರಾರು?

ನಂಗಲಿಯ ರಸ್ತೆ ಬದಿಯ ಜೀಪಿನಲ್ಲಿ ಕುಳಿತು ಫಾರಂ ತಿರುವಿ ಹಾಕಿದ ಮೇಡಂಗೆ ಕಣ್ಣು ತುಂಬಿ ಬಂತು.

"ಸರಾಸರಿ ಏಳು ವರ್ಷ! ಬೇರೆ ಊರಲ್ಲಿ ಒಂದೂವರೆ ದಾಟಿಲ್ಲ. ಎಷ್ಟು ನರಳ್ತಿದಾರೋ ಪಾಪ! ಉಪಕೇಂದ್ರ ಕೊತ್ತಪಲ್ಲಿಗೇ."

ಸಾಹೇಬರು ಬರೆದಿಟ್ಟಿದ್ದ ವರ್ಗದ ಕಾಗದ ತೆಗೆದು ಎರಡು ಚೂರು ಮಾಡಿದರು.

"ಭೇಷ್ ಕಣಯ್ಯ! ಆ ಜನದ ನೋವು ಬಾಯಿಬಿಡಿಸಿದೋನು ನೀನೊಬ್ಬನೇ. ಅಲ್ಲಿಗೆ ನೀನಲ್ದೆ ಇನ್ಯಾರು? ನಾಳೆಯಿಂದಲೇ ಡ್ಯೂಟಿ."

"ಸಾರ್, ಮಾಲೂರು..."

"ಇನ್ನೊಂದು ಹತ್ತು ವರ್ಷ ಆಗ್ಲಿ, ನೋಡೋಣ."

ನರಸಿಂಹಪ್ಪನಿಗೆ ಅಳು ಬಂತು. ಸೈಕಲ್ಲಿಗೆಂದು ಮತ್ತೆ ಕೊತ್ತಪಲ್ಲಿಗೆ ಹೋದ. ಕಟ್ಟೆಯ ಮೇಲೆ ಕೂತಿದ್ದ ಕದಿರಪ್ಪ ಎಲ್ಲವನ್ನೂ ಕೇಳಿ, ಲೊಚಗುಟ್ಟಿ, ಹೆಗಲ ಟವೆಲ್ ತೆಗೆದು ಕೈಮೇಲೆ ಹರಡಿದ.

"ಮಾಲೂರಿಗೆ ಹೋಗೋದಕ್ಕೆ ನೀವೆಷ್ಟು ಬಿಡ್ತೀರಿ ಸ್ವಾಮಿ?"

ನರಸಿಂಹಪ್ಪ ಎರಡೂ ಕೈ ಒಳಗಿಟ್ಟು ಹತ್ತು ಬೆರಳನ್ನೂ ಹಿಡಿದ.

"ಹತ್ತೂ ಕೊಟ್ಬಿಟ್ರೆ ಅಲ್ಲಿ ಹೋಗಿ ಬದುಕೋದಕ್ಕೆ ಏನ್ ಸ್ವಾಮಿ ಉಳೀತು?" ಎಂದ ಕದಿರಪ್ಪ ಮರುಕದಿಂದ. "ಆಯ್ತು, ನನ್ ದಲಾಲಿ ಒಂದ್ ತಿಂಗಳು ಮಾತ್ರ ಮರೀಬೇಡಿ."