ಬಣ್ಣದ ಡಬ್ಬಿ ತಂದವರಿಗೆಲ್ಲ ಪ್ರವೇಶ

ಮಕ್ಕಳ ಕೈಗೆ ಬಣ್ಣ ಕೊಟ್ಟು, ಅವರ ಅಪ್ಪ ಅಮ್ಮಂದಿರನ್ನು ಪಕ್ಕದಲ್ಲೇ ಕೂರಿಸಿದರೆ ಸಾಕು, ನಗುವುದಕ್ಕೆ ಬೇರೆ ಏರ್ಪಾಡು ಬೇಕಿಲ್ಲ. ದೆಹಲಿಯ ಜನಕಪುರಿಯಲ್ಲಿರುವ ನಮ್ಮ ಸಣ್ಣ ಕನ್ನಡ ಕೂಟದ ಚಿತ್ರ ಮತ್ತು ಕವನ ಸ್ಪರ್ಧೆಗೆ ಪ್ರತಿ ವರ್ಷ ನಾನೂ ಒಬ್ಬ ತೀರ್ಪುಗಾರ್ತಿ. ಚಿತ್ರಕಲೆ ಬಲ್ಲೆ ಅಂತಲ್ಲ. ತಿಪಟೂರಿನಿಂದ ಮದುವೆಯಾಗಿ ಬಂದು ಇಲ್ಲೇ ತಲೆ ನರೆತವಳು, ಸ್ಪರ್ಧೆಯ ವಯಸ್ಸಿನ ಮೊಮ್ಮಕ್ಕಳು ಊರಲ್ಲಿಲ್ಲ, ಹಾಗಾಗಿ ಪಕ್ಷಪಾತ ಮಾಡಲಾರಳು ಅಂತ.

ಈ ಸಲ ಮಾತ್ರ ಸ್ಪರ್ಧೆಯ ನೆತ್ತಿಯ ಮೇಲೆ ಕತ್ತಿ ತೂಗುತ್ತಿತ್ತು. ಕೂಟದ ಸಭಾಂಗಣದ ಹಿಂಬದಿ ಕೋಣೆಯಲ್ಲಿ ಭಾನುವಾರ ಮಕ್ಕಳಿಗೆ ಚಿತ್ರದ ತರಗತಿ ನಡೆಯುತ್ತದೆ. ಗುರುಗ್ರಾಮದ ಕಂಪನಿಯೊಂದರಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಬಿಟ್ಟಿಯಾಗಿ ಕಲಿಸುತ್ತಾಳೆ. ಮಕ್ಕಳಿಗೆ ಅವಳು ದೀದಿ. ನಮ್ಮ ಅಧ್ಯಕ್ಷರಿಗೆ ಆ ಕೋಣೆ ಉಗ್ರಾಣಕ್ಕೆ ಬೇಕು.

"ಗಣೇಶನ ಹಬ್ಬದ ಹಂಡೆ, ಕೊಳದಪ್ಪಲೆ ಎಲ್ಲಿಡೋಣಮ್ಮ? ಚಿತ್ರ ಬರೆದು ಯಾರು ಉದ್ಧಾರ ಆಗಿದ್ದಾರೆ?" ಎಂದು ಅವರು ಸಭೆಯಲ್ಲೇ ಕೇಳಿದ್ದರು. ದೀದಿ ಬಹಳ ಬೇಡಿಕೊಂಡ ಮೇಲೆ, "ಆಯ್ತು, ಸ್ಪರ್ಧೆ ಹೇಗಾಗುತ್ತೋ ನೋಡಿ, ಬಹುಮಾನ ಕೊಡೋ ದಿನ ವೇದಿಕೆಯಲ್ಲೇ ಹೇಳ್ತೀನಿ" ಎಂದರು.

ದೀದಿ ಸ್ಪರ್ಧೆಯ ಪ್ರವೇಶ ಶುಲ್ಕವಾಗಿ ತರಗತಿಗೆ ಒಂದೊಂದು ಬಣ್ಣದ ಡಬ್ಬಿ ಕೇಳಿದಳು. ಜನ ಧಾರಾಳವಾಗಿ ತಂದರು. ಜೊತೆಗೆ ತಮ್ಮ ಮಕ್ಕಳನ್ನೂ ತಂದರು. ಅಲ್ಲಿಂದ ಶುರುವಾಯಿತು.

ಅಮ್ಮನ ವಿಷಯ

ಎರಡನೇ ಕ್ಲಾಸಿನ ಹುಡುಗನ ಕವನ ಕೈಗೆ ಬಂತು. ವಿಷಯ 'ಅಮ್ಮ'. ಮೊದಲ ಸಾಲು: "ಅಮ್ಮನ ಪ್ರೀತಿಯ ಬಗ್ಗೆ ಈ ಮೂಲಕ ಸಲ್ಲಿಸುವುದೇನೆಂದರೆ". ಎರಡನೆಯದು: "ಸದರಿ ಪ್ರೀತಿಯು ದಿನನಿತ್ಯ ಲಭ್ಯವಿರುತ್ತದೆ". ಕೊನೆಗೆ, "ಆದ್ದರಿಂದ ಅಮ್ಮನನ್ನು ಹೀಗೆಯೇ ಮುಂದುವರಿಸಬಹುದಾಗಿದೆ".

ಹುಡುಗನ ತಂದೆ ಕೇಂದ್ರ ಸರ್ಕಾರದ ಸಚಿವಾಲಯದಲ್ಲಿ ಹಗಲೆಲ್ಲ ಫೈಲಿಗೆ ಟಿಪ್ಪಣಿ ಬರೆಯುವವರು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಹುಡುಗನನ್ನು ಕರೆದು, "ಇದನ್ನು ನೀನೇ ಬರೆದೆಯೇನಪ್ಪ?" ಎಂದೆ.

"ಹೌದು ಅಜ್ಜಿ."

"ಅಪ್ಪ ಏನೂ ಸಹಾಯ ಮಾಡಲಿಲ್ವಾ?"

"ಇಲ್ಲ ಅಜ್ಜಿ. ಪಾಪಾ ಬರೀ ಅಪ್ರೂವ್ ಮಾಡಿದ್ರು."

ನವಿಲಿನ ಅತ್ತೆ

ಕವನ ಓದುವ ಸರದಿ. ಆರು ವರ್ಷದ ಹುಡುಗಿ, ಬೆನ್ನಿಗೆ ನವಿಲುಗರಿ ಕಟ್ಟಿಕೊಂಡು ಬಂದಿದ್ದಳು. ದೆಹಲಿಯಲ್ಲೇ ಹುಟ್ಟಿದ ಮಗು, ಹೆದರಿಕೆಯಲ್ಲಿ ಕಲಿತ ಕನ್ನಡವೆಲ್ಲ ಹಾರಿಹೋಗಿತ್ತು. ಅವಳಮ್ಮ ಮುಂದಿನ ಸಾಲಿನಲ್ಲಿ ಕೂತು ಒಂದೊಂದೇ ಸಾಲು ಪಿಸುಗುಟ್ಟುವುದು, ಮಗು ಅದನ್ನು ಅಭಿನಯದೊಂದಿಗೆ ಹೇಳುವುದು. ಚೆನ್ನಾಗಿಯೇ ಸಾಗಿತ್ತು.

ಅಷ್ಟರಲ್ಲಿ ಅಮ್ಮನ ಫೋನು ನಡುಗಿತು. ಅತ್ತೆಯವರದು. ಎತ್ತದಿದ್ದರೆ ಸಂಜೆ ಮನೆಯಲ್ಲಿ ವಿಚಾರಣೆ. ಆಕೆ ಸೆರಗು ಮರೆಮಾಡಿ, "ಫಂಕ್ಷನ್‌ನಲ್ಲಿದ್ದೀನಿ ಅತ್ತೆ" ಎಂದಳು.

ವೇದಿಕೆಯ ಮೇಲೆ ನವಿಲು ಗರಿಬಿಚ್ಚಿ ಹಾಡಿತು: "ಫಂಕ್ಷನ್‌ನಲ್ಲಿದ್ದೀನಿ ಅತ್ತೆ!"

"ಸಾರು ಫ್ರಿಜ್ಜಲ್ಲಿದೆ ಅತ್ತೆ..."

"ಸಾರು ಫ್ರಿಜ್ಜಲ್ಲಿದೆ ಅತ್ತೆ!" ಮಗು ಒಂದು ಸುತ್ತು ತಿರುಗಿತು.

"ಬಿಸಿ ಮಾಡ್ಕೊಳ್ಳಿ ಅತ್ತೆ..." ಎನ್ನುವಾಗ ತಾಯಿಗೆ ಅರಿವಾಯಿತು. ಹಣೆ ಚಚ್ಚಿಕೊಂಡಳು. ಮಗುವೂ ಹಣೆ ಚಚ್ಚಿಕೊಂಡು, ಕೈಮುಗಿದು ಇಳಿಯಿತು.

ನನ್ನ ಪಕ್ಕದ ತೀರ್ಪುಗಾರರಿಗೆ ಕಣ್ಣು ಮಂದ. ಮುಂದಿನ ಸಾಲಿನಲ್ಲಿ ನಡೆದದ್ದು ಅವರಿಗೆ ಕಂಡಿರಲಿಲ್ಲ. ತುಂಬು ಅಂಕ ಕೊಟ್ಟು ನನ್ನ ಕಡೆ ಬಾಗಿದರು: "ನವಿಲಿಗೂ ಅತ್ತೆಯ ಕಾಟ! ಈ ಕಲ್ಪನೆ ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ ನೋಡಿ."

ಬೂದು ಹಾಳೆ

ಚಿತ್ರದ ವಿಷಯ 'ನನ್ನ ಊರು'. ಒಬ್ಬ ಹುಡುಗ ಹಾಳೆಯ ತುಂಬ ಬೂದು ಬಣ್ಣ ಬಳಿದು ಕೊಟ್ಟಿದ್ದ.

"ಏನೋ ಇದು?"

"ಇಂಡಿಯಾ ಗೇಟ್, ಅಜ್ಜಿ."

"ಗೇಟೆಲ್ಲಿ?"

"ನವೆಂಬರ್ ಅಲ್ವಾ ಅಜ್ಜಿ, ಕಾಣಲ್ಲ."

ಸೋಮಾರಿ ಎಂದುಕೊಂಡು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ, ಬಣ್ಣದ ಅಡಿಯಲ್ಲಿ ಕಮಾನು, ದೀಪದ ಕಂಬ, ಐಸ್‌ಕ್ರೀಮ್ ಮಾರುವ ಭಯ್ಯಾ ಎಲ್ಲವೂ ಪೆನ್ಸಿಲ್ಲಿನಲ್ಲಿ ಅಚ್ಚುಕಟ್ಟಾಗಿ ಇದ್ದವು. "ಇಷ್ಟು ಚೆನ್ನಾಗಿ ಬರೆದು ಯಾಕೋ ಮುಚ್ಚಿದೆ?" ಎಂದೆ.

ಹುಡುಗ ನನ್ನನ್ನೇ ದಡ್ಡಿ ಎಂಬಂತೆ ನೋಡಿದ. "ನಾನೆಲ್ಲಿ ಮುಚ್ಚಿದೆ ಅಜ್ಜಿ? ಹೊಗೆ ಮುಚ್ಚಿದ್ದು."

ಎಂಟರೊಳಗಿನವರು

ಬಹುಮಾನದ ದಿನ ಬಂತು. ಬಹುಮಾನಗಳು ಮುಗಿದ ಕೂಡಲೇ ಅಧ್ಯಕ್ಷರು ಕೋಣೆಯ ತೀರ್ಪು ಹೇಳುವವರಿದ್ದರು.

ಚಿತ್ರಗಳಿಗೆ ನಾವು ಹೆಸರು ಹಾಕಿಸುವುದಿಲ್ಲ, ಹಾಳೆಯ ಹಿಂದೆ ನಂಬರು ಮಾತ್ರ. ಎಂಟು ವರ್ಷದೊಳಗಿನ ಗುಂಪಿನ ಮೂರನೇ ಬಹುಮಾನಕ್ಕೆ ನಾವು ಒಂದು ಎಮ್ಮೆಯನ್ನು ಆರಿಸಿದ್ದೆವು. ದೀದಿ ಎಮ್ಮೆಯನ್ನು ಸಭೆಯತ್ತ ಎತ್ತಿ ಹಿಡಿದು ನಂಬರು ಕೂಗಿದಳು. ಯಾರೂ ಏಳಲಿಲ್ಲ. ಆ ನಂಬರಿನ ಮಗು ಸ್ಪರ್ಧೆಯ ದಿನ ಜ್ವರವೆಂದು ಬಂದೇ ಇರಲಿಲ್ಲವಂತೆ! ಬಹುಮಾನದ ಟಿಫಿನ್ ಡಬ್ಬಿ ಹಿಡಿದು ನಿಂತಿದ್ದ ಅಧ್ಯಕ್ಷರಿಗೆ ಹಾಳೆಯ ಬೆನ್ನು ಮಾತ್ರ ಕಾಣುತ್ತಿತ್ತು. "ಯಾರ ಮಗು ರೀ? ಬೇಗ ಕಳಿಸಿ!" ಎಂದು ಅವಸರಿಸಿದರು.

ಸಭೆಯ ನಡುವಿನಿಂದ ಅವರ ಹೆಂಡತಿ ಎದ್ದರು. "ರೀ, ಅದು ನಿಮ್ಮ ಎಮ್ಮೆ! ಮನೆಯ ಕ್ಯಾಲೆಂಡರ್ ತುಂಬ ಅದನ್ನೇ ಬರೀತೀರಲ್ಲ!"

ಸ್ಪರ್ಧೆಯ ದಿನ ಮಕ್ಕಳು ನಕಲು ಮಾಡದ ಹಾಗೆ ಕಾವಲು ಕಾಯಲು ಕೂತವರು ಅಧ್ಯಕ್ಷರೇ. ಬೇಸರ ಬಂದು, ಬಾರದ ಮಗುವಿನ ಖಾಲಿ ಹಾಳೆಯ ಮೇಲೆ ಕೈಯಾಡಿಸಿ, ಅಲ್ಲೇ ಮರೆತು ಎದ್ದು ಹೋಗಿದ್ದರು.

ಸಭೆ ಬಿದ್ದು ಬಿದ್ದು ನಕ್ಕಿತು. ಕೋಣೆಯ ಕಥೆ ಮುಗಿಯಿತು ಎಂದುಕೊಂಡೆ. ಅಧ್ಯಕ್ಷರು ಹಾಳೆ ಕಿತ್ತುಕೊಂಡು, ಅದರ ಬೆನ್ನಿಗೆ ನಾನು ಬರೆದಿದ್ದ ಅಭಿಪ್ರಾಯವನ್ನು ಮೈಕಿನಲ್ಲೇ ಓದಿದರು: "ಪುಟ್ಟ ಕೈಯಲ್ಲಿ ಜೀವವಿದೆ. ಎಮ್ಮೆಗೆ ನಾಲ್ಕೇ ಕಾಲು ಎಂದು ಮನೆಯವರು ಹೇಳಿಕೊಡಬೇಕು."

"ಹೇಳಿಕೊಟ್ಟರೆ ಕೇಳಬೇಕಲ್ಲ!" ಎಂದರು ಹೆಂಡತಿ.

"ಮೇಡಮ್, ಅದು ಕಾಲಲ್ಲ, ಬಾಲ!" ಅಧ್ಯಕ್ಷರು ನನ್ನತ್ತ ತಿರುಗಿದರು. "ಅದಿರಲಿ, ಮೂರನೆಯದು ಯಾಕೆ? ಮೊದಲನೆಯದರಲ್ಲಿ ಏನಿದೆ ಅಂಥಾದ್ದು?"

ದೀದಿ ಮೆಲ್ಲಗೆ, "ಅಂಕಲ್, ಇದು ಎಂಟರೊಳಗಿನವರಿಗೆ. ಟಿಫಿನ್ ಡಬ್ಬಿ ನಾಲ್ಕನೇ ಸ್ಥಾನದ ಮಗುವಿಗೆ ಕೊಡೋಣ್ವಾ?" ಎಂದಳು.

"ಕೊಡಮ್ಮ. ಆದರೆ ಗೆದ್ದ ಚಿತ್ರಗಳನ್ನು ಗೋಡೆಗೆ ಹಾಕ್ತೀರಲ್ಲ, ಅಲ್ಲಿ ನನ್ನದೂ ಇರಲಿ."

ಹುಡುಗಿ ಚುರುಕು. "ಯಾವ ಗೋಡೆ ಅಂಕಲ್? ಚಿತ್ರ ಹಾಕೋದು ಹಿಂದಿನ ಕೋಣೇಲಿ. ಅದು ಉಗ್ರಾಣ ಆದ್ಮೇಲೆ ನಿಮ್ಮ ಎಮ್ಮೆ ಮುಂದೆ ಹಂಡೆ ಬರುತ್ತೆ."

ಅಧ್ಯಕ್ಷರು ಎಮ್ಮೆಯನ್ನು ನೋಡಿದರು. ದೂರ ಹಿಡಿದು ಇನ್ನೊಮ್ಮೆ ನೋಡಿದರು. ಗಂಟಲು ಸರಿಮಾಡಿಕೊಂಡು ಮೈಕಿಗೆ ಬಾಯಿಟ್ಟರು. "ಕೋಣೆ ಚಿತ್ರದ ತರಗತಿಗೇ ಇರಲಿ. ಹಂಡೆ, ಕೊಳದಪ್ಪಲೆ ಎಲ್ಲ ನಮ್ಮ ಮನೆ ಬಾಲ್ಕನಿಯಲ್ಲಿ ಇಟ್ಕೋತೀವಿ."

ಚಪ್ಪಾಳೆಯೋ ಚಪ್ಪಾಳೆ. ದೀದಿ ಅಳುತ್ತಾ ನಗುತ್ತಿದ್ದಳು. ಆ ಗಲಾಟೆಯನ್ನೆಲ್ಲ ಮೀರಿ ಸಭೆಯ ನಡುವಿನಿಂದ ಮತ್ತೆ ಅದೇ ಧ್ವನಿ ಕೇಳಿಸಿತು:

"ಎಮ್ಮೆ ಬರೆದದ್ದು ಇವರು, ಹಂಡೆ ಕಟ್ಟಿಕೊಳ್ಳೋದು ನಾನಾ?"