ಹೆಂಡ್ತಿ ಸಂಗಟನೂ ಏನ್ರಿ?

ಮದುವೆ ಮನೆಯಲ್ಲಿ ಹೇಳಬಹುದಾದ ಉದ್ಯೋಗಗಳು, ಹೇಳಬಾರದ ಉದ್ಯೋಗಗಳು ಎಂದು ಎರಡು ಬಗೆ ಇವೆ. ಬ್ಯಾಂಕು, ಹೋಟೆಲು, ಇನ್ಶೂರೆನ್ಸು ಮೊದಲನೆಯ ಬಗೆ. ನನ್ನದು ಎರಡನೆಯದು. ಡೊಂಬಿವಲಿಯಲ್ಲಿ ನಮ್ಮ ಕಡೆಯವರ ಯಾವ ಮದುವೆಗೆ ಹೋದರೂ ಊಟದ ಸಾಲಿನಲ್ಲಿ ಹಿರಿಯರೊಬ್ಬರು ಪಕ್ಕಕ್ಕೆ ಬಂದು ಕೂತು, "ಈಗ ಎಂತ ಮಾಡ್ತಾ ಇದ್ದಿ ಮಾರಾಯ?" ಎಂದು ವಿಚಾರಿಸುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ "ಹೆಲ್ತ್ ಡಿಪಾರ್ಟ್‌ಮೆಂಟು" ಎಂದು ಹೇಳಿ, ಅವರ ಎಲೆಗೆ ಪಾಯಸ ಬಡಿಸಲು ಯಾರನ್ನೋ ಕೂಗಿಬಿಡುತ್ತಾಳೆ. ವಿಷಯ ಇಷ್ಟೇ. ನಾನು ಒಂದು ಸಣ್ಣ ಸಂಸ್ಥೆಯ ಪರವಾಗಿ ಭಿವಂಡಿಯ ಗೋಡೌನುಗಳಿಗೆ, ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳಿಗೆ ಹೋಗಿ, ಊಟದ ಬಿಡುವಿನಲ್ಲಿ ಕೆಲಸಗಾರರನ್ನು ಕೂರಿಸಿಕೊಂಡು, ಕಾಂಡೋಮ್ ಹೇಗೆ ಹಾಕಿಕೊಳ್ಳಬೇಕು ಎಂದು ಒಂದು ಮರದ ಮಾದರಿಯ ಮೇಲೆ ತೋರಿಸಿಕೊಡುವವನು. ಆ ಮರದ ಮಾದರಿ ಕೆಲಸಕ್ಕೆ ಸೇರಿದ ಮೊದಲ ವಾರ ಮನೆಯಲ್ಲಿ ಕಳೆದುಹೋಯಿತು. ಹುಡುಕಿ ಹುಡುಕಿ ಸುಸ್ತಾಗಿ ಅಡುಗೆಮನೆಗೆ ನೀರು ಕುಡಿಯಲು ಹೋದರೆ ಅಮ್ಮ ಅದರಿಂದ ಚಹಾಕ್ಕೆ ಶುಂಠಿ ಜಜ್ಜುತ್ತಿದ್ದಳು. "ಒಳ್ಳೆ ಗಟ್ಟಿ ಮರ ಮಗಾ, ಎಲ್ಲಿ ಸಿಕ್ಕಿತು?" ಎಂದು ಕೇಳಿದಳು. ನಾನು ಹೇಳಿದೆ. ಅಂದು ನಮ್ಮ ಮನೆಯಲ್ಲಿ ಯಾರೂ ಚಹಾ ಕುಡಿಯಲಿಲ್ಲ.

ನನ್ನನ್ನು ಈ ಕೆಲಸಕ್ಕೆ ತೆಗೆದುಕೊಂಡದ್ದು ಡಿಗ್ರಿ ನೋಡಿ ಅಲ್ಲ. ಸಂದರ್ಶನದ ನಡುವೆ ಸುವರ್ಣಾ ಮೇಡಂ, ಅಂದರೆ ಈಗಿನ ನನ್ನ ಮೇಲಧಿಕಾರಿ, ಫೋನ್ ಬಂತೆಂದು ಹೊರಗೆ ಹೋದರು. ಅವರು ಕನ್ನಡಕವನ್ನು ಮೂಗಿನ ತುದಿಗಿಳಿಸಿ ಮರಾಠಿ ಬೆರೆತ ಹಿಂದಿಯಲ್ಲಿ ಪ್ರಶ್ನೆ ಕೇಳುವ ರೀತಿಯನ್ನು ಪಕ್ಕದ ಅಭ್ಯರ್ಥಿಗೆ ಮಾಡಿ ತೋರಿಸುತ್ತಿದ್ದೆ. ಅವನು ನಗುವುದನ್ನು ಥಟ್ಟನೆ ನಿಲ್ಲಿಸಿದ. ಮೇಡಂ ನನ್ನ ಬೆನ್ನ ಹಿಂದೆಯೇ ಇದ್ದರು. ನೌಕರಿ ಹೋಯಿತು ಅಂದುಕೊಂಡೆ. ಸಿಕ್ಕಿತು. ಕಲಬುರಗಿ, ವಿಜಯಪುರ, ರಾಯಚೂರಿನಿಂದ ಬಂದ ಹಮಾಲರಿಗೆ ಅವರದೇ ಮಾತಿನಲ್ಲಿ ಹೇಳುವವನು ಸಂಸ್ಥೆಗೆ ಬೇಕಾಗಿತ್ತು. ನಾನು ಹುಟ್ಟಿದ್ದು ಇಲ್ಲೇ, ಮನೆಯಲ್ಲಿ ತುಳು, ಬೀದಿಯಲ್ಲಿ ಹಿಂದಿ. ಆದರೆ ಅಪ್ಪ ಕ್ಯಾಷಿಯರ್ ಆಗಿದ್ದ ಹೋಟೆಲಿನ ಮೂಲೆ ಮೇಜಿನಲ್ಲಿ ಹೋಂವರ್ಕ್ ಮಾಡುತ್ತ, ಬಂದುಹೋದ ಗಿರಾಕಿಗಳ ದನಿಗಳನ್ನೆಲ್ಲ ಒಂದೂ ಬಿಡದೆ ಕದ್ದಿದ್ದೆ. ಹೋಂವರ್ಕ್ ಯಾವತ್ತೂ ಮುಗಿಯಲಿಲ್ಲ.

ಹೀಗಾಗಿ ನನ್ನ ಸಭೆಗಳಿಗೆ ಒಳ್ಳೆಯ ಹೆಸರಿತ್ತು. ಪೊಟ್ಟಣವನ್ನು ಹಲ್ಲಿನಿಂದ ಹರಿಯಬಾರದು ಎನ್ನಬೇಕಾದಲ್ಲಿ ಹಲ್ಲಿನಿಂದ ಹರಿಯುವ ಅವಸರದವನನ್ನೇ ಮಾಡಿ ತೋರಿಸುತ್ತಿದ್ದೆ. ಒಂದರ ಮೇಲೊಂದು ಎರಡು ಹಾಕಿಕೊಳ್ಳುವ ಅತಿ ಜಾಗ್ರತೆಯವನು, ವರ್ಷಗಟ್ಟಲೆ ಪಾಕೀಟಿನಲ್ಲಿ ದೇವರ ಫೋಟೋದ ಪಕ್ಕ ಇಟ್ಟುಕೊಂಡು ಓಡಾಡುವವನು, ಕೊಬ್ಬರಿ ಎಣ್ಣೆ ಹಚ್ಚಿ ರಬ್ಬರು ಹರಿದುಕೊಳ್ಳುವವನು, ಹೀಗೆ ನನ್ನ ಬಳಿ ಒಂದು ಇಡೀ ನಾಟಕ ಕಂಪನಿಯೇ ಇತ್ತು. ಎಲ್ಲರಿಗಿಂತ ಹೆಚ್ಚು ನಗು ಬರುತ್ತಿದ್ದದ್ದು ಮೆಡಿಕಲ್ ಸ್ಟೋರಿಗೆ ಬಂದ ಗಂಡಸಿನ ಪಾತ್ರಕ್ಕೆ. ಅವನು ಮೊದಲು ತಲೆನೋವಿನ ಮಾತ್ರೆ ಕೇಳುತ್ತಾನೆ. ಪಕ್ಕದಲ್ಲಿ ನಿಂತ ಹೆಂಗಸು ಹೋಗಲಿ ಎಂದು ಕಾಯುತ್ತ ಕೆಮ್ಮಿನ ಔಷಧಿಯ ಬಾಟಲಿಯ ಮೇಲಿನ ಅಕ್ಷರಗಳನ್ನೆಲ್ಲ ಓದುತ್ತಾನೆ. ಹೆಂಗಸು ಹೋದ ಮೇಲೆ ಅಂಗಡಿಯವನ ಕಿವಿಯ ಹತ್ತಿರ ಬಾಗಿ, "ಅದು ಕೊಡಿ" ಎನ್ನುತ್ತಾನೆ. "ಯಾವುದು?" ಎಂದು ಅಂಗಡಿಯವನು ಬೀದಿಗೆಲ್ಲ ಕೇಳಿಸುವಂತೆ ಕೂಗುತ್ತಾನೆ. ಕೊನೆಗೆ ಅವನು ಮನೆಗೆ ಹೋಗುವುದು ಕೆಮ್ಮಿನ ಔಷಧಿ ತೆಗೆದುಕೊಂಡು. ಈ ಪಾತ್ರ ಯಾರದೆಂದು ನಾನು ಯಾವ ಸಭೆಯಲ್ಲೂ ಹೇಳಿಲ್ಲ. ಈ ಕೆಲಸಕ್ಕೆ ಸೇರುವ ಮೊದಲು, ಡೊಂಬಿವಲಿಯ ಅಂಗಡಿಯವರೆಲ್ಲ ಅಪ್ಪನ ಪರಿಚಯದವರೆಂದು ಹೆದರಿ, ನಾನೇ ಒಮ್ಮೆ ಕಲ್ಯಾಣದವರೆಗೆ ಲೋಕಲ್‌ನಲ್ಲಿ ಹೋಗಿದ್ದೆ. ಅಲ್ಲಿ ಕೌಂಟರಿನ ಮುಂದೆ ನನ್ನ ಸ್ವಂತ ಸೋದರಮಾವ ನಿಂತಿದ್ದರು. ಇಬ್ಬರೂ ಕೆಮ್ಮಿನ ಔಷಧಿ ತೆಗೆದುಕೊಂಡು ಒಟ್ಟಿಗೆ ಸ್ಟೇಷನ್ನಿಗೆ ನಡೆದೆವು. ಅವರು ಹವಾಮಾನದ ವಿಷಯ ಮಾತಾಡಿದರು.

ಈ ಅನುಭವದಿಂದ ನಾನು ಏನಾದರೂ ಕಲಿಯಬಹುದಿತ್ತು. ನಾನು ಕಲಿತದ್ದು ಮಾವನ ನಡಿಗೆ.

ಇನ್ನು ಶರಣಪ್ಪನ ವಿಷಯ. ಅದು ಅವನ ನಿಜವಾದ ಹೆಸರಲ್ಲ. ಅವನದು ಅಂತ ಒಂದನ್ನಾದರೂ ನಾನು ಮುಚ್ಚಿಡಬೇಕಲ್ಲ. ಮಾಜಿವಾಡಾ ದಾಟಿ ಭಿವಂಡಿ ಕಡೆಗೆ ಹೋಗುವ ದಾರಿಯ ಒಂದು ಗೋಡೌನು, ನಾಗರಪಂಚಮಿಗೆ ಇನ್ನು ಒಂದೆರಡು ವಾರ ಇತ್ತು. ಹಮಾಲರು ಬುತ್ತಿ ಮುಗಿಸಿ ಮೂಟೆಗಳ ಮೇಲೆ ಕೂತಿದ್ದರು. ನಾಟಕವೆಲ್ಲ ಮುಗಿಸಿ, ನಿಯಮದಂತೆ, ಪ್ರಶ್ನೆ ಇದ್ದರೆ ಕೇಳಿ ಅಂದೆ. ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ನೀರಿನ ಡ್ರಮ್ಮಿನ ಹಿಂದೆ ನಾವು ಪುಕ್ಕಟೆ ಪೊಟ್ಟಣಗಳ ಡಬ್ಬಿ ಇಟ್ಟಿರುತ್ತೇವೆ. ಬೇಕಾದವರು ನೀರು ಕುಡಿಯುವ ನೆಪದಲ್ಲಿ ಹೋಗಿ ತೆಗೆದುಕೊಳ್ಳುತ್ತಾರೆ. ಆವತ್ತು ಮೂವತ್ತರ ಆಸುಪಾಸಿನ ಒಬ್ಬ ಕಲಬುರಗಿಯವನು ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದು, ಶಾಲೆಯಲ್ಲಿ ನಿಲ್ಲುವ ಹಾಗೆ ಎದ್ದು ನಿಂತ. "ಸರ್, ಹೆಂಡ್ತಿ..." ಎಂದವನಿಗೆ ನಡುವೆ ಒಂದು ಸಣ್ಣ ಕೆಮ್ಮು ಬಂತು. "ಹೆಂಡ್ತಿ ಸಂಗಟನೂ ಹಾಕೋಬೇಕೇನ್ರಿ?"

ಹಿಂದಿನ ಮೂಟೆಯಿಂದ ಒಬ್ಬ, "ಯಾಕಲೇ ಶರಣ್ಯಾ, ಹೆಂಡ್ತಿ ಮ್ಯಾಲ ಡೌಟ್ ಅದಾ ಏನು?" ಅಂದ. ಗೋಡೌನು ನಕ್ಕಿತು. ನನ್ನ ಕಿವಿಗೆ ಬಿದ್ದದ್ದು ಪ್ರಶ್ನೆಯಲ್ಲ. ಆ "ಏನ್ರಿ"ಯನ್ನು ಅವನು ಮೇಲಕ್ಕೆ ಎಳೆದ ರೀತಿ, ನಡುವಿನ ಆ ಕೆಮ್ಮು, ಅಷ್ಟೇ. ಕರವಸ್ತ್ರವನ್ನು ಟವೆಲಿನಂತೆ ಎರಡೂ ಕೈಯಲ್ಲಿ ಹಿಡಿದು, ಕೆಮ್ಮಿ, ಅವನದೇ ದನಿಯಲ್ಲಿ ಅದನ್ನು ಮತ್ತೆ ಕೇಳಿದೆ. ಮೂಟೆಗಳ ಮೇಲಿಂದ ಜನ ಉರುಳುವುದೊಂದು ಬಾಕಿ. ಶರಣಪ್ಪನೂ ನಕ್ಕ, ಟವೆಲಿನಿಂದ ಮುಖ ಒರೆಸಿಕೊಂಡ. ಅಷ್ಟರಲ್ಲಿ ಟ್ರಕ್ಕು ಬಂತು, ಹಮಾಲರ ಮೇಲ್ವಿಚಾರಕ ಮುಕಾದಮ ಸೀಟಿ ಊದಿದ, ಎಲ್ಲರೂ ಎದ್ದರು. ಉತ್ತರ ನನ್ನ ಚೀಲದಲ್ಲೇ ಉಳಿಯಿತು. ಕಷ್ಟದ ಉತ್ತರವೇನಲ್ಲ. ಬೇರೆ ಕಡೆ ಒಮ್ಮೆ ಹೋಗಿಬಂದಿದ್ದರೂ ಸಾಕು, ಪರೀಕ್ಷೆ ಮಾಡಿಸಿ ಏನೂ ಇಲ್ಲ ಎಂದು ಖಾತ್ರಿಯಾಗುವವರೆಗೆ ಹೆಂಡತಿಯ ಜೊತೆಗೂ ಹಾಕಿಕೊಳ್ಳಬೇಕು. ಖಾತ್ರಿಯಾದ ಮೇಲೂ ಮಗು ಬೇಡವಾದರೆ ಹಾಕಿಕೊಳ್ಳಬೇಕು. ಎರಡು ವಾಕ್ಯ, ತರಬೇತಿಯ ಎರಡನೆಯ ದಿನವೇ ಕಲಿಸಿದ್ದರು.

ಆಮೇಲಿನ ತಿಂಗಳುಗಳಲ್ಲಿ ಆ ಪ್ರಶ್ನೆ ನನ್ನ ನಾಟಕ ಕಂಪನಿಯ ದೊಡ್ಡ ನಟನಾಯಿತು. ವಾಗ್ಳೆ ಎಸ್ಟೇಟಿನಲ್ಲಿ ಮಾಡಿದೆ, ನವಿ ಮುಂಬಯಿಯ ಟ್ರಕ್ ನಿಲ್ದಾಣದಲ್ಲಿ ಮಾಡಿದೆ, ತಂಗಿಯ ಹುಟ್ಟುಹಬ್ಬದಲ್ಲಿ ಹೆಂಡತಿ ಎಂಬ ಪದ ತೆಗೆದು ಕೇಕಿನ ವಿಷಯಕ್ಕೂ ಮಾಡಿದೆ. ಗೋಡೌನಿಗೆ ಕಾಲಿಟ್ಟರೆ, "ಅಣ್ಣಾ, ಆ ಹೆಂಡ್ತಿ ಸಂಗಟಂದು ಮಾಡ್ರಿ" ಎಂದು ಫರ್ಮಾಯಿಷಿ ಬರುತ್ತಿತ್ತು. ಒಮ್ಮೆ ಸುವರ್ಣಾ ಮೇಡಂ ಹಿಂದೆ ನಿಂತು ಸಭೆ ನೋಡಿದರು. ರಿಕ್ಷಾದಲ್ಲಿ ಹಿಂದಿರುಗುವಾಗ ಕನ್ನಡಕ ಇಳಿಸಿ, ಹಿಂದಿಯಲ್ಲಿ, ನಗಿಸಿದ್ದೇನೋ ಆಯಿತು, ಉತ್ತರ ಯಾವಾಗ ಕೊಟ್ಟೆ ಎಂದು ಕೇಳಿದರು. ಅದನ್ನೂ ಸಂಜೆ ಟ್ರೇನಿನಲ್ಲಿ ಗೆಳೆಯರಿಗೆ ಮಾಡಿ ತೋರಿಸಿದೆ, ಕನ್ನಡಕದ ಸಮೇತ.

ಕಳೆದ ಫೆಬ್ರವರಿಯಲ್ಲಿ ಬೇರೆ ಯಾರನ್ನೋ ಪರೀಕ್ಷೆಗೆ ಕರೆದುಕೊಂಡು ಒಂದು ಸರ್ಕಾರಿ ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿನ ಬೆಂಚಿನ ಮೇಲೆ ಶರಣಪ್ಪ ಒಬ್ಬನೇ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ಟವೆಲು ಕೈಯಲ್ಲೇ ಇತ್ತು. ಪಂಚಮಿಗೆ ಊರಿಗೆ ಹೋಗಿದ್ದನಂತೆ, ದಸರೆ ಹೊತ್ತಿಗೆ ಹೆಂಡತಿಯನ್ನು ಇಲ್ಲಿಗೇ ಕರೆತಂದನಂತೆ. ಈಗ ಅವಳಿಗೆ ಐದು ತಿಂಗಳು. ಬಸುರಿಯರಿಗೆ ಮಾಡುವ ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಇದೆ ಎಂದು ಮೊದಲು ಗೊತ್ತಾದದ್ದು ಅವಳಿಗೆ. ಆಮೇಲೆ ಇವನನ್ನು ಕರೆಸಿದರು, ಇವನಿಗೂ ಇತ್ತು. ಎರಡು ವರ್ಷದ ಹಿಂದೆ ಗೆಳೆಯರ ಜೊತೆ ಹೋಗಿದ್ದು, ಎರಡೋ ಮೂರೋ ಸಲ ಅಷ್ಟೇ ಎಂದು ನಾನು ಕೇಳದೆಯೇ ಹೇಳಿದ. ಹೆಂಡತಿ ಒಳಗೆ ಸಮಾಲೋಚಕಿಯ ಹತ್ತಿರ ಇದ್ದಳು.

"ಅವತ್ತ ನೀವು ಉತ್ತರಾ ಕೊಡ್ಲಿಲ್ರಿ ಸರ್" ಅಂದ. ದೂರಲಿಲ್ಲ. ಬಸ್ಸು ಬರಲಿಲ್ಲ ಎಂದು ಹೇಳುವ ಹಾಗೆ ಹೇಳಿದ. "ಇರ್ಲಿ ಬಿಡು, ಒಂದೆರಡು ಒಯ್ದರಾಯ್ತು ಅಂತ ಡಬ್ಬಿ ಕಡಿಗೆ ಹೋಗಿದ್ದೆ. ಅಲ್ಲಿ ಹುಡುಗ್ರು ನನ್ನ ದನೀಲೆ ಮಾತಾಡ್ಲಾಕತ್ತಿದ್ರು. ನೀರು ಕುಡದು ಬಂದೆ."

ಹೆಂಡತಿ ಹೊರಗೆ ಬಂದಳು. ಎದೆಗೊತ್ತಿಕೊಂಡ ಪ್ಲಾಸ್ಟಿಕ್ ಚೀಲದಲ್ಲಿ ಫೈಲು, ಮಾತ್ರೆಯ ಡಬ್ಬಿ. ದಿನವೂ ತಪ್ಪದೆ ನುಂಗಿದರೆ ಕೂಸಿಗೆ ಬಾರದಂತೆ ನೋಡಿಕೊಳ್ಳಬಹುದು ಅಂದರಂತೆ. ಅದನ್ನು ಗಂಡನಿಗೆ ಹೇಳಲಿಲ್ಲ, ಗೋಡೆಗೆ ಹೇಳಿದಳು. ಅವನು ನನ್ನ ಪರಿಚಯ ಮಾಡಿಕೊಟ್ಟ, ಗೋಡೌನಿಗೆ ಬರೋ ಸರ್ ಎಂದು. ಆಗ ಅವಳು ಮೊದಲ ಸಲ ತಲೆಯೆತ್ತಿದಳು.

"ನಮ್ಮ ಚಾಳಿನ ಹೆಣ್ಮಕ್ಳು ಹೇಳ್ತಾರ್ರಿ, ಒಬ್ರು ಸರ್ ಅದಾರ, ನಿನ್ನ ಗಂಡನಂಗೇ ಮಾತಾಡ್ತಾರ ಅಂತ. ನೀವೇ ಏನು?" ಅಂದಳು. "ಒಮ್ಮೆ ಮಾಡ್ರಿ, ನೋಡೂಣು."

ಅಷ್ಟು ಸಭೆಗಳಲ್ಲಿ ಇಂಥ ಫರ್ಮಾಯಿಷಿಗೆ ನಾನು ಇಲ್ಲ ಅಂದವನಲ್ಲ. ಆವತ್ತು ಗಂಟಲು ಸರಿಯಿಲ್ಲ ಅಂದೆ. ಶರಣಪ್ಪ ನೆಲ ನೋಡುತ್ತ ನಿಂತಿದ್ದ. ಟವೆಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ನನಗೆ ಅದರ ಅರ್ಥ ಗೊತ್ತಿತ್ತು.

"ಸರ್, ಈಗ..." ಅಂದ, ಕೆಮ್ಮಿದ. "ಈಗ ಇಬ್ಬರಿಗೂ ಬಂದದಲ್ರಿ. ಇನ್ನೂ ಹಾಕೋಬೇಕೇನ್ರಿ?"

ನಗುವವರು ಯಾರೂ ಇರಲಿಲ್ಲ. ಸೀಟಿ ಊದುವವರೂ ಇರಲಿಲ್ಲ. ಇದಕ್ಕೂ ಉತ್ತರ ಗೊತ್ತಿತ್ತು, ಬೇರೆ ರೋಗಗಳು ಒಬ್ಬರಿಂದೊಬ್ಬರಿಗೆ ದಾಟದಿರಲಿ ಎಂದು ಈಗಲೂ ಬೇಕು. ಈ ಸಲ ಸರಿಯಾಗಿ, ಗಂಭೀರವಾಗಿ, ನನ್ನ ಸ್ವಂತ ದನಿಯಲ್ಲಿ ಹೇಳಬೇಕೆಂದು ಬಾಯಿ ತೆರೆದೆ. "ಹೌದ್ರಿ..." ಅಂದೆ. ನಡುವೆ ಕೆಮ್ಮು ಬಂತು. "ಹೌದ್ರಿ, ಈಗೂ ಹಾಕೋಬೇಕ್ರಿ." ಅದು ಬಂದದ್ದು ಶರಣಪ್ಪನ ದನಿಯಲ್ಲಿ. ತಿಂಗಳುಗಟ್ಟಲೆ ಅದೇ ದಾರಿಯಲ್ಲಿ ಓಡಾಡಿದ ನಾಲಿಗೆಗೆ ಬೇರೆ ದಾರಿ ಗೊತ್ತಿರಲಿಲ್ಲ.

ಅವಳು ಫೈಲನ್ನು ಬಾಯಿಗೆ ಅಡ್ಡ ಹಿಡಿದು ನಕ್ಕುಬಿಟ್ಟಳು. "ಖರೇನ ನಿಮ್ಮಂಗೇ ಅದ" ಅಂದಳು ಗಂಡನಿಗೆ. ಆ ದಿನ ಅವಳು ಅವನೊಂದಿಗೆ ಆಡಿದ್ದರಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಮಾತು ಅದು. "ಕೆಮ್ಮು ಸೈತ ಬಿಟ್ಟಿಲ್ಲ ನೋಡ್ರಿ."

ಶರಣಪ್ಪ ಈ ಸಲ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದ. ಆ ಕೆಮ್ಮನ್ನು ನಾನು ಎಷ್ಟೋ ಗೋಡೌನುಗಳಲ್ಲಿ ಬೇಕೆಂದೇ ಕೆಮ್ಮಿದ್ದೇನೆ, ಎಲ್ಲಿ ಹಾಕಿದರೆ ಎಷ್ಟು ನಗು ಬರುತ್ತದೆಂದು ನನಗೆ ಬಾಯಿಪಾಠ. ಅವತ್ತಿನದು ಮಾತ್ರ ನಾನು ಹಾಕಿದ್ದಲ್ಲ.