ಹಸು ಹಿಡಿದುಕೊಂಡು ವಾಕಿಂಗು

ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು ಇದನ್ನು ಒಪ್ಪಿಕೊಳ್ಳಬಾರದು, ಆದರೂ ಹೇಳಿಬಿಡುತ್ತೇನೆ. ನನಗೆ ನಡೆಯುವುದೆಂದರೆ ಆಗದು. ಹುಣಸೂರು ಕಡೆಯ ಹೈಸ್ಕೂಲೊಂದರಲ್ಲಿ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಬಾಯಲ್ಲಿ ಸೀಟಿ ಇಟ್ಟುಕೊಂಡು, ಮಕ್ಕಳನ್ನು ಮೈದಾನದ ಸುತ್ತ ಓಡಿಸುವುದರಲ್ಲೇ ನನ್ನ ಸರ್ವೀಸು ಮುಗಿಯಿತು. ಸುಸ್ತಾಗಿ ನಿಂತವರಿಗೆ, “ನಿಲ್ಲಬೇಡ್ರೋ, ನಿಂತ್ರೆ ಕಾಲು ಹಿಡ್ಕೊಳ್ತವೆ, ಮೆಲ್ಲಗಾದ್ರೂ ನಡೀರಿ” ಎಂದು ಕೂತಲ್ಲಿಂದಲೇ ಕೂಗುತ್ತಿದ್ದೆ. ಆ ಮಾತು ನಿಜವೋ ಸುಳ್ಳೋ ಎಂದು ಪರೀಕ್ಷಿಸುವ ಅವಕಾಶ ನನ್ನ ಕಾಲುಗಳಿಗೆ ಬಂದಿರಲಿಲ್ಲ. ಸ್ಟಾಫ್ ರೂಮಿನಿಂದ ಆ ಬೇವಿನ ಮರಕ್ಕೆ ನೂರು ಹೆಜ್ಜೆ. ಅದೂ ದೂರವಾಯಿತೆಂದು ಕೊನೆಕೊನೆಗೆ ಕುರ್ಚಿಯನ್ನು ಈಚೆಗೆ ಹಾಕಿಸಿಕೊಂಡಿದ್ದೆ.

ರಿಟೈರಾದ ಮರುವರ್ಷ ಕರುಳಿನಲ್ಲಿ ಕ್ಯಾನ್ಸರ್ ಇದೆಯೆಂದು ಗೊತ್ತಾಯಿತು. ಆಪರೇಷನ್ ಆಗಿ, ಮೂರು ವಾರಕ್ಕೊಮ್ಮೆ ಮೈಸೂರಿಗೆ ಹೋಗಿ ಕೀಮೋ ಹಾಕಿಸಿಕೊಂಡು ಬರುವುದು ಶುರುವಾಯಿತು. ಮೊದಲೆರಡು ಸಲ ಬಂದವನೇ ಹಾಸಿಗೆ ಹಿಡಿದೆ. ಕಾಯಿಲೆಯವರಿಗೆ ಮಲಗುವ ಹಕ್ಕಿದೆ, ಅದನ್ನು ಧಾರಾಳವಾಗಿ ಚಲಾಯಿಸಿದೆ. ಮೂರನೆಯ ಕೀಮೋಗೆ ಹೋಗುವ ಹಿಂದಿನ ದಿನ ಅಂಗಳಕ್ಕೆ ಇಳಿದವನು ಜಗುಲಿಯ ಮೂರು ಮೆಟ್ಟಿಲು ಹತ್ತಲಾರದೆ ಹೆಂಡತಿ ಜಯಮ್ಮನ ಭುಜ ಹಿಡಿದು ನಿಂತುಬಿಟ್ಟೆ. ಆವತ್ತು ಕಾಯಿಲೆಗಿಂತ ಆ ಮೆಟ್ಟಿಲುಗಳೇ ನನ್ನನ್ನು ಹೆಚ್ಚು ಹೆದರಿಸಿದವು. ಮರುದಿನ ಡಾಕ್ಟರಮ್ಮನಿಗೆ ಹೇಳಿದೆ. “ಮಲಗಿದಷ್ಟೂ ಶಕ್ತಿ ಇಳಿಯುತ್ತೆ. ಉಳಿದಿರೋ ಕೀಮೋ ತಡ್ಕೊಳ್ಳೋಕೆ ಮೈಯಲ್ಲಿ ತ್ರಾಣ ಬೇಕು. ದಿನಾ ಆದಷ್ಟು ನಡೀರಿ, ಸುಸ್ತಾದ್ರೆ ಕೂತ್ಕೊಳ್ಳಿ. ಜ್ವರ ಬಂದ್ರೆ ಮಾತ್ರ ನಡೀಬೇಡಿ, ತಕ್ಷಣ ಫೋನ್ ಮಾಡಿ” ಎಂದರು. ಏನು ಕೆಲಸದಲ್ಲಿದ್ದಿರಿ ಎಂದು ಕೇಳಿದರು. ಪಿ.ಟಿ. ಮೇಷ್ಟ್ರು ಎಂದೆ. “ಹಾಗಾದ್ರೆ ನಿಮಗೆ ನಾನು ಹೇಳಿಕೊಡಬೇಕಾ” ಎಂದು ಸಂತೋಷಪಟ್ಟರು. ಜಯಮ್ಮ ಗೋಡೆಯ ಕಡೆ ತಿರುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನಾನೇನೋ ಮನಸ್ಸು ಮಾಡಿದೆ. ಆದರೆ ನಮ್ಮ ಕಟ್ಟೆಮಳಲವಾಡಿಯಲ್ಲಿ ನಡೆಯುವುದು ಅಷ್ಟು ಸುಲಭವಲ್ಲ. ಗುರುತಿನವರು ರಸ್ತೆಯಲ್ಲಿ ನಡೆದು ಹೋಗುತ್ತಿರುವಾಗ ಗಾಡಿಯವನು ನಿಲ್ಲಿಸದೆ ಹೋದರೆ ಅದು ನಮ್ಮ ಕಡೆ ದೊಡ್ಡ ಅಪರಾಧ. ನಡೆಯುವವರು ಕಾಯಿಲೆಯ ಮೇಷ್ಟ್ರಾದರೆ ಕೇಳಬೇಕೇ? ಮೊದಲ ದಿನ ಇಪ್ಪತ್ತು ಹೆಜ್ಜೆ ಹಾಕುವಷ್ಟರಲ್ಲಿ, ಡೈರಿಗೆ ಹಾಲು ಹಾಕಿ ಬರುತ್ತಿದ್ದ ಹಳೆಯ ಶಿಷ್ಯ ಮಹದೇವ ಮೊಪೆಡ್ಡು ನಿಲ್ಲಿಸಿದ.

“ಅತ್ಕಳಿ ಸಾ. ಎಲ್ಲಿಗೋಗ್ಬೇಕು?”

“ಎಲ್ಲಿಗೂ ಇಲ್ಲ ಕಣಪ್ಪ, ಸುಮ್ನೆ ನಡೀತಿದೀನಿ.”

“ಸುಮ್ನೆ ಯಾರಾರ ನಡೀತಾರಾ ಸಾ? ಉಷಾರಿಲ್ದೋರ್ನ ನಡೆಯಕೆ ಬುಟ್ಟು ಬಂದೆ ಅಂದ್ರೆ ನಮ್ಮವ್ವ ನಂಗೆ ಇಟ್ಟು ಇಕ್ಕಲ್ಲ.”

ಅವನ ಮನೆಯಲ್ಲಿ ಹಿಟ್ಟು ತಪ್ಪಬಾರದೆಂದು ಹತ್ತಿದೆ. ಇನ್ನೊಂದು ದಿನ ಟ್ರಾಕ್ಟರಿನವನು ಹತ್ತಿಸಿಕೊಂಡು ಹುಣಸೂರಿನ ಗೊಬ್ಬರದಂಗಡಿಗೆ ತಲುಪಿಸಿದ. ಅಲ್ಲಿ ನನಗೇನೂ ಕೆಲಸವಿರಲಿಲ್ಲ, ಆಟೋ ಹಿಡಿದು ವಾಪಸು ಬಂದೆ. ಬೇಡವೆಂದರೆ ಮುಖ ಚಿಕ್ಕದು ಮಾಡಿಕೊಳ್ಳುತ್ತಿದ್ದರು. ಒಬ್ಬರಂತೂ ತಮ್ಮ ಮೇಲೆ ಮೇಷ್ಟ್ರಿಗೆ ಯಾಕೆ ಸಿಟ್ಟು ಎಂದು ಮನೆಗೇ ಬಂದು ವಿಚಾರಿಸಿದರು. ನಿಜ ಹೇಳಬೇಕೆಂದರೆ ನನಗೇನೂ ಬೇಸರವಾಗಲಿಲ್ಲ. ನಾನು ನಡೆಯಲು ಹೊರಟಿದ್ದೆ, ಊರವರು ಬಿಡಲಿಲ್ಲ, ಇದರಲ್ಲಿ ನನ್ನ ತಪ್ಪೇನು?

ಈ ವಾದ ಜಯಮ್ಮನ ಹತ್ತಿರ ನಡೆಯಲಿಲ್ಲ. ಒಂದು ಬೆಳಿಗ್ಗೆ ಕೊಟ್ಟಿಗೆಯಿಂದ ನಮ್ಮ ಮುದಿ ಹಸು ಗೌರಿಯನ್ನು ಬಿಚ್ಚಿ ತಂದು ಹಗ್ಗವನ್ನು ನನ್ನ ಕೈಗಿಟ್ಟಳು. “ಇದ್ನ ಇಡ್ಕಂಡೋಗಿ. ಅಸುನೂ ಸೇರ್ಸಿ ಯಾರು ಅತ್ತಿಸ್ಕತಾರೋ ನೋಡಾನ” ಎಂದಳು. ಬೇಡ ಅಂದಾರೆಂಬ ಆಸೆಯಿಂದ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಎಳೆದಾಡುವ ಹಸು ಆಗದು, ಸಗಣಿ ಮುಟ್ಟಬೇಡಿ, ಬಂದ ಕೂಡಲೇ ಸೋಪು ಹಾಕಿ ಕೈ ತೊಳೆಯಿರಿ ಎಂದು ಹೇಳಿ ಒಪ್ಪಿಯೇಬಿಟ್ಟರು. ಗೌರಿ ಎಳೆದಾಡುವ ಪೈಕಿಯಲ್ಲ. ಅವಳಿಗೂ ನಡೆಯುವುದೆಂದರೆ ಆಗದು.

ಜಯಮ್ಮನ ಲೆಕ್ಕ ಸರಿಯಾಗಿತ್ತು. ಕೈಯಲ್ಲಿ ಹಸು ಇದ್ದವನು ಸುಮ್ಮನೆ ನಡೆಯುವವನಲ್ಲ, ಕೆಲಸದ ಮೇಲೆ ಹೊರಟವನು. “ಮೇಯಿಸಕಾ ಸಾ?” ಎಂದು ಕೇಳಿ ಎಲ್ಲರೂ ಮುಂದೆ ಹೋಗುತ್ತಿದ್ದರು. ಮೊದಮೊದಲು ಹೊಂಗೆ ಮರದವರೆಗೆ ಹೋದೆವು, ಆಮೇಲೆ ಕಾಲುವೆಯ ಮೋರಿಯವರೆಗೆ. ನಾಲ್ಕನೆಯ ಕೀಮೋ ಆಗಿ ಎರಡು ವಾರಕ್ಕೆ ಯಾರ ಭುಜವನ್ನೂ ಹಿಡಿಯದೆ ಜಗುಲಿ ಹತ್ತಿದೆ. ಬಾಗಿಲಲ್ಲಿದ್ದ ಜಯಮ್ಮ ಕಣ್ಣೊರೆಸಿಕೊಂಡು ಒಲೆಯ ಹೊಗೆ ಎಂದಳು. ನಮ್ಮ ಮನೆಗೆ ಗ್ಯಾಸ್ ಬಂದು ಹತ್ತು ವರ್ಷವಾಗಿದೆ.

ಐದನೆಯ ಕೀಮೋ ನನ್ನ ಜಂಭ ಇಳಿಸಿತು. ನಾಲ್ಕು ದಿನ ಬಿಟ್ಟು ಹೊರಟವನಿಗೆ ಮೋರಿಯ ಹತ್ತಿರ ಕಾಲು ಸೋತುಹೋಯಿತು. ಕಟ್ಟೆಯ ಮೇಲೆ ಕೂತೆ. ಮನೆ ಎಲ್ಲೋ ಮೈಸೂರಿನಾಚೆ ಇದ್ದಂತೆ ಕಂಡಿತು. ಅಷ್ಟರಲ್ಲಿ ಮಹದೇವನ ಮೊಪೆಡ್ಡು ಬಂತು. ನಾನೇ ಬಾಯಿಬಿಟ್ಟು ಕೇಳಿದೆ.

“ಮನೆಗೆ ಬಿಡ್ತೀಯೇನಪ್ಪ?”

ಅವನು ನನ್ನನ್ನು ನೋಡಿದ, ಗೌರಿಯನ್ನು ನೋಡಿದ. “ಅಸುನ ಏನ್ಮಾಡದು ಸಾ? ಜ್ವರಗಿರ ಬಂದದಾ?”

“ಜ್ವರ ಇಲ್ಲ. ಕಾಲು ಬರ್ತಿಲ್ಲ ಅಷ್ಟೇ. ಹೆದರಿಕೆ ಆಗ್ತಿದೆ ಕಣೋ.”

ಮಹದೇವ ಮೊಪೆಡ್ಡಿಗೆ ಸ್ಟ್ಯಾಂಡು ಹಾಕಿ ಬಂದು ನನ್ನ ಪಕ್ಕದಲ್ಲಿ ಕೂತ. ನಾನು ನೀರು ಕುಡಿದು ಸುಧಾರಿಸಿಕೊಳ್ಳುವವರೆಗೂ ಹೊಗೆಸೊಪ್ಪಿನ ವಿಷಯ ಮಾತಾಡಿದ. ಆಮೇಲೆ ಎದ್ದು ಒಂದು ಕೈಯಲ್ಲಿ ಗೌರಿಯ ಹಗ್ಗ, ಇನ್ನೊಂದರಲ್ಲಿ ನನ್ನ ತೋಳು ಹಿಡಿದ. “ಏಳಿ ಸಾ. ನಿಂತ್ರೆ ಕಾಲು ಇಡ್ಕತವೆ, ಮೆಲ್ಲಗಾರ ನಡೀರಿ ಅಂತ ನೀವೇ ಅಲ್ವಾ ಏಳ್ತಿದ್ದಿದ್ದು? ನಾನೂ ಬತ್ತೀನಿ.”

ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ ಹಿಡಿಯಿತು. ಹೊಂಗೆ ಮರದ ಹತ್ತಿರ ಉಸಿರು ತೆಗೆದುಕೊಳ್ಳುತ್ತಾ, “ಆಗೆಲ್ಲ ನನ್ನ ಬೈಕೊಳ್ತಿದ್ರೇನೋ?” ಎಂದು ಕೇಳಿದೆ. “ದಿನಾ ಬೈಕತಿದ್ವಿ ಸಾ” ಎಂದ. ಸ್ವಲ್ಪವೂ ಯೋಚನೆ ಮಾಡಲಿಲ್ಲ.

ಮೂರು ಮೆಟ್ಟಿಲು ಹತ್ತಿದ್ದಾಯಿತು. ಜಯಮ್ಮ ಓಡಿಬಂದು ಕುರ್ಚಿ ಹಾಕಿದಳು. ನ್ಯಾಯವಾಗಿ ಅದು ಮಹದೇವನಿಗೆ ಸೇರಬೇಕೆನಿಸಿ, ಮೊದಲು ಅವನು ಕೂರಲಿ ಎಂದೆ. ಅವನು ಕೂರಲಿಲ್ಲ. ಮೊಪೆಡ್ಡು ಮೋರಿಯ ಹತ್ತಿರವೇ ಇತ್ತು, ಅಷ್ಟು ದೂರವೂ ವಾಪಸು ನಡೆಯಬೇಕಿತ್ತು. ಕುರ್ಚಿ ಖಾಲಿ ಇದ್ದುದರಿಂದ ನಾನೇ ಕೂತೆ. ದಾರಿಯಲ್ಲಿ ಯಾರಾದರೂ ಹತ್ತಿಸಿಕೊಂಡರೆ ಬೇಡ ಅನ್ನಬೇಡ ಕಣೋ ಎಂದು ಕೂತಲ್ಲಿಂದಲೇ ಕೂಗಿದೆ.